‘ಆದರೆ’ಗೂ ‘ಆ’, ‘ಆದ್ದರಿಂದ’ಕ್ಕೂ ‘ಆ’: ದುಭಾಷಿಯಾಗಬಯಸುವವರ ಪ್ರಶ್ನೆಗಳು

ಪ್ರಶ್ನೆ: ಭಾಷಾಂತರ ವಿಷಯದಲ್ಲಿ ಎಂ.ಎ. ಓದುತ್ತಿದ್ದೇನೆ, ದುಭಾಷಿಯಾಗುವ ಆಸೆಯಿದೆ. ಯುರೋಪಿಯನ್ ಕಮಿಷನ್‌ನ ‘ಸ್ಪೀಚ್ ರೆಪೊಸಿಟರಿ’ ಎಂಬ ಆನ್‌ಲೈನ್ ಸಂಗ್ರಹದಲ್ಲಿ ನಾಲ್ಕು ತಿಂಗಳಿನಿಂದ ದಿನಕ್ಕೆ ಎರಡು ಮೂರು ಇಂಗ್ಲಿಷ್ ಭಾಷಣ ಕೇಳುತ್ತಿದ್ದೇನೆ. ಎಲ್ಲವೂ ಅರ್ಥವಾಗುತ್ತದೆ. ಕನ್ನಡದಲ್ಲಿ ಹೇಳಲು ಹೊರಟರೆ ಮಾತ್ರ ಎರಡನೆಯ ವಾಕ್ಯಕ್ಕೇ ಬಾಯಿ ಕಟ್ಟುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಲೆಕ್ಕ ಹಾಕಿದರೆ ಇನ್ನೂರೈವತ್ತಕ್ಕೂ ಹೆಚ್ಚು ಭಾಷಣ ಕೇಳಿದ್ದೀರಿ, ಒಂದನ್ನೂ ಕೊನೆಯವರೆಗೆ ಹೇಳಿಲ್ಲ. ಅರ್ಥವಾದದ್ದನ್ನು ಇನ್ನೊಂದು ಭಾಷೆಯಲ್ಲಿ ಕಟ್ಟಿ ಹೇಳುವುದಕ್ಕೆ ನಾಲಿಗೆಗೂ ನೆನಪಿಗೂ ಬೇರೆಯೇ ಅಭ್ಯಾಸ ಬೇಕು. ಇನ್ನು ಮುಂದೆ ವಾರಕ್ಕೆ ಎರಡೇ ಭಾಷಣ ಆರಿಸಿಕೊಳ್ಳಿ. ಒಂದೊಂದನ್ನೂ ಮೂರು ಸಲ ಕನ್ನಡದಲ್ಲಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಮಾರನೆಯ ದಿನ ಕೇಳಿ. ಅದೇ ದಿನ ಕೇಳಿದರೆ ಮೂಲ ಭಾಷಣ ತಲೆಯಲ್ಲಿ ಇನ್ನೂ ಹಸಿಯಾಗಿರುತ್ತದೆ, ನೀವು ಬಿಟ್ಟದ್ದನ್ನೆಲ್ಲ ಮನಸ್ಸೇ ತುಂಬಿಕೊಂಡುಬಿಡುತ್ತದೆ. ಒಂದು ರಾತ್ರಿ ಕಳೆದ ಮೇಲೆ ನೀವು ಸಭಿಕರಂತೆ ಕೇಳುತ್ತೀರಿ. ‘ಯಾರು ಒಪ್ಪಿದರು? ಏನನ್ನು?’ ಎಂಬ ಅನುಮಾನ ಆಗ ಏಳುತ್ತದೆ.

ಆ ಸಂಗ್ರಹದಲ್ಲಿ ಭಾಷೆ, ಕಷ್ಟದ ಮಟ್ಟ, ವಿಷಯ ಎಲ್ಲವನ್ನೂ ಆರಿಸಿಕೊಳ್ಳಬಹುದು. ಅನುಕ್ರಮ ಭಾಷಾಂತರಕ್ಕೆ, ಎಂದರೆ ಭಾಷಣಕಾರರು ನಿಲ್ಲಿಸಿದ ಮೇಲೆ ಹೇಳುವುದಕ್ಕೆ, ಬೇರೆ ಭಾಷಣಗಳಿವೆ. ಅವರ ಮಾತಿನ ಜೊತೆಜೊತೆಗೇ ಹೇಳುವ ಏಕಕಾಲಿಕ ಭಾಷಾಂತರಕ್ಕೆ ಬೇರೆ. ನೀವು ಅನುಕ್ರಮದಿಂದ, ಅದರಲ್ಲೂ ತೀರ ಆರಂಭದ ಮಟ್ಟದಿಂದ ಶುರು ಮಾಡಬೇಕು. ಎಂ.ಎ. ವಿದ್ಯಾರ್ಥಿಗೆ ಇದು ಚಿಕ್ಕದೆನಿಸಬಹುದು. ದಯವಿಟ್ಟು ಹಾಗೆಣಿಸಬೇಡಿ.

ಬಾಯಿ ಕಟ್ಟುವುದಕ್ಕೆ ಇನ್ನೊಂದು ಕಾರಣ ನಮ್ಮ ಭಾಷೆಯ ರಚನೆಯಲ್ಲೇ ಇದೆ. ಇಂಗ್ಲಿಷಿನಲ್ಲಿ ‘ಸಮಿತಿ’ ಎಂದ ಕೂಡಲೇ ‘ತಿರಸ್ಕರಿಸಿತು’ ಬರುತ್ತದೆ, ಏನನ್ನು ಮತ್ತು ಏಕೆ ಎಂಬುದು ಅದರ ಹಿಂದೆ ಬಾಲದಂತೆ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಬರಹದ ಕನ್ನಡದಲ್ಲಿ ನಾವು ಹೀಗೆ ಬರೆಯುತ್ತೇವೆ: ‘ಸದಸ್ಯ ರಾಷ್ಟ್ರಗಳನ್ನು ಕೇಳಿಲ್ಲವೆಂಬ ಕಾರಣಕ್ಕೆ ಮೀನುಗಾರಿಕೆಯ ಅವಧಿಯನ್ನು ಎರಡು ವಾರ ಹೆಚ್ಚಿಸಬೇಕೆಂಬ ಪ್ರಸ್ತಾಪವನ್ನು ಸಮಿತಿ ತಿರಸ್ಕರಿಸಿತು.’ ಓದುವುದಕ್ಕೆ ಚೆನ್ನಾಗಿದೆ. ಆದರೆ ಏಕಕಾಲಿಕದಲ್ಲಿ ಹೀಗೆ ಹೇಳಬೇಕಾದರೆ ಇಡೀ ವಾಕ್ಯ ಮುಗಿಯುವವರೆಗೆ ಕಾಯಬೇಕು, ಅಷ್ಟರಲ್ಲಿ ಭಾಷಣಕಾರರು ಮುಂದಿನ ವಾಕ್ಯದ ನಡುವೆ ಇರುತ್ತಾರೆ. ಬದಲಿಗೆ ವಾಕ್ಯವನ್ನು ಕತ್ತರಿಸಿ ಹೇಳಿ: ‘ಸಮಿತಿ ಪ್ರಸ್ತಾಪವನ್ನು ತಿರಸ್ಕರಿಸಿತು. ಮೀನುಗಾರಿಕೆಯ ಅವಧಿಯನ್ನು ಎರಡು ವಾರ ಹೆಚ್ಚಿಸಬೇಕೆಂಬ ಪ್ರಸ್ತಾಪ ಅದು. ಸದಸ್ಯ ರಾಷ್ಟ್ರಗಳನ್ನು ಕೇಳಿರಲಿಲ್ಲ ಎಂಬುದೇ ಕಾರಣ.’ ಮೂರು ತುಂಡು, ಮೂರೂ ಪೂರ್ಣ, ಕೇಳುವವರಿಗೂ ಸುಲಭ. ಎರಡನೆಯ ಸಲ ಹೇಳುವಾಗ ಪೂರ್ತಿ ಗಮನವನ್ನು ಈ ಕತ್ತರಿಸುವ ಕೆಲಸಕ್ಕೇ ಕೊಡಿ.

ಪ್ರಶ್ನೆ: ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದುಕೊಳ್ಳಬೇಕೇ, ಇಂಗ್ಲಿಷಿನಲ್ಲೇ? ಎಷ್ಟು ವೇಗವಾಗಿ ಬರೆದರೂ ಸಾಲದು.

ಉತ್ತರ: ವೇಗ ಹೆಚ್ಚಿಸಬೇಡಿ, ಬರೆಯುವುದನ್ನು ಕಡಿಮೆ ಮಾಡಿ. ಪದಗಳನ್ನು ಬಿಟ್ಟು ಭಾವವನ್ನು ಬರೆದುಕೊಳ್ಳಬೇಕೆಂದು ದುಭಾಷಿ ಜಾನ್ ಫ್ರಾಂಸ್ವಾ ರೋಜಾನ್ ಅವರು 1956ರ ತಮ್ಮ ಪುಟ್ಟ ಕೈಪಿಡಿಯಲ್ಲಿ ಹೇಳಿದ್ದರು. ಸಾಲಾಗಿ ಬರೆಯದೆ ಮೇಲಿನಿಂದ ಕೆಳಗೆ ಇಳಿಜಾರಾಗಿ ಬರೆಯುವ ಕ್ರಮವೂ ಅಲ್ಲಿಯದೇ: ಯಾರು, ಅದರ ಕೆಳಗೆ ಸ್ವಲ್ಪ ಬಲಕ್ಕೆ ಏನು ಮಾಡಿದರು, ಅದಕ್ಕೂ ಕೆಳಗೆ ಏನನ್ನು. ಭಾಷೆ ಯಾವುದಾದರೂ ಸರಿ, ನಿಮಗೆ ಮರಳಿ ಓದಲು ಬಂದರಾಯಿತು.

ಮುಖ್ಯವಾದದ್ದು ಎಡಗಡೆಯ ಅಂಚು. ಅಲ್ಲಿ ಕೊಂಡಿಗಳಿರಬೇಕು: ಆದರೆ, ಆದ್ದರಿಂದ, ಏಕೆಂದರೆ. ಹೊಸದರಲ್ಲಿ ನಾನು ‘ಆದರೆ’ಗೆ ‘ಆ’ ಎಂದು ಗುರುತು ಹಾಕುತ್ತಿದ್ದೆ, ‘ಆದ್ದರಿಂದ’ಕ್ಕೂ ‘ಆ’ ಎಂದೇ. ಒಂದು ಸಭೆಯಲ್ಲಿ ಭಾಷಣಕಾರರು ‘ಹಣವಿದೆ, ಆದರೆ ಕೆಲಸ ನಿಲ್ಲಿಸಿದ್ದೇವೆ’ ಎಂದದ್ದನ್ನು ನಾನು ‘ಹಣವಿದೆ, ಆದ್ದರಿಂದ ಕೆಲಸ ನಿಲ್ಲಿಸಿದ್ದೇವೆ’ ಎಂದುಬಿಟ್ಟೆ. ಸಭೆ ಒಂದು ಕ್ಷಣ ಸ್ತಬ್ಧವಾಯಿತು. ತಿದ್ದಿ ಹೇಳಿದೆ, ಆ ಮೌನ ಮಾತ್ರ ಈಗಲೂ ನೆನಪಿದೆ. ಅಂದಿನಿಂದ ‘ಆದರೆ’ಗೆ ಗುಣಾಕಾರ ಚಿಹ್ನೆ, ‘ಆದ್ದರಿಂದ’ಕ್ಕೆ ಬಲಕ್ಕೆ ತಿರುಗಿದ ಬಾಣ. ನಿಮ್ಮ ಚಿಹ್ನೆಗಳನ್ನು ನೀವೇ ಮಾಡಿಕೊಳ್ಳಿ, ಆದರೆ ಅಭ್ಯಾಸದ ಭಾಷಣದಲ್ಲೇ ಮಾಡಿಕೊಳ್ಳಿ. ಸಭೆಯಲ್ಲಿ ಹೊಸ ಚಿಹ್ನೆ ಹುಟ್ಟಿಸಬಾರದು.

ಸಂಖ್ಯೆಗಳನ್ನು ಮಾತ್ರ ತಪ್ಪದೆ, ಕೇಳಿದ ಕೂಡಲೇ ಬರೆಯಬೇಕು. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ‘350 ಬಿಲಿಯನ್’ ಕಿವಿಗೆ ಬಿದ್ದಾಗ ‘35,000 ಕೋಟಿ’ ಎಂದು ತಡವರಿಸದೆ ಹೊರಬರಬೇಕು. ಬಜೆಟ್ಟಿನ ಒಂದು ಭಾಷಣ ಹಾಕಿಕೊಂಡು, ಬೇರೇನನ್ನೂ ಹೇಳದೆ ಸಂಖ್ಯೆಗಳನ್ನಷ್ಟೇ ಲಕ್ಷ, ಕೋಟಿಗಳಲ್ಲಿ ಗಟ್ಟಿಯಾಗಿ ಹೇಳುತ್ತ ಹೋಗಿ.

ಪ್ರಶ್ನೆ: ಧ್ವನಿಮುದ್ರಿತ ಭಾಷಣದಲ್ಲಿ ಹಿಂದೆ ಬಿದ್ದಾಗ ನಿಲ್ಲಿಸಿ ಮುಂದುವರಿಸಬಹುದೇ?

ಉತ್ತರ: ಬೇಡ. ನಾಜಿ ನಾಯಕರ ಮೇಲೆ 1945ರಲ್ಲಿ ಆರಂಭವಾದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳ ನಡುವೆ ಏಕಕಾಲಿಕ ಭಾಷಾಂತರ ನಡೆಯಿತು. ಮಾತನಾಡುವವರ ಎದುರಿಗೆ ಎರಡು ದೀಪಗಳಿದ್ದವು: ಹಳದಿ ಹೊತ್ತಿದರೆ ನಿಧಾನಿಸಬೇಕು, ಕೆಂಪು ಹೊತ್ತಿದರೆ ನಿಲ್ಲಿಸಬೇಕು. ನಿಮ್ಮ ಕೆಲಸದಲ್ಲಿ ಅಂಥ ದೀಪ ಸಿಗುವುದು ಅಪರೂಪ. ಹಿಂದೆ ಬಿದ್ದಾಗ ಏನನ್ನು ಬಿಡಬೇಕು, ಏನನ್ನು ಹಿಡಿಯಬೇಕು ಎಂದು ಆ ಕ್ಷಣದಲ್ಲೇ ತೀರ್ಮಾನಿಸುವುದೇ ಈ ವಿದ್ಯೆಯ ತಿರುಳು. ನಿಲ್ಲಿಸುವ ಗುಂಡಿ ಒತ್ತಿದಾಗ ನೀವು ಕಳೆದುಕೊಳ್ಳುವುದು ಅದನ್ನೇ. ಉದಾಹರಣೆ ಬಿಟ್ಟುಹೋದರೆ ಹೋಗಲಿ. ‘ಇಲ್ಲ’ ಎಂಬುದು, ಹೆಸರು, ಸಂಖ್ಯೆ ಹೋಗಬಾರದು.

ಅನುಭವಿ ದುಭಾಷಿಗಳೂ ತಾವು ಕುಳಿತು ಭಾಷಾಂತರಿಸುವ ಬೂತ್‌ನಲ್ಲಿ ಸುಮಾರು ಅರ್ಧ ಗಂಟೆಗೊಮ್ಮೆ ಮೈಕನ್ನು ಜೊತೆಗಾರರಿಗೆ ದಾಟಿಸುತ್ತಾರೆ. ಹಾಗಾಗಿ ನೀವು ಹದಿನೈದು ನಿಮಿಷಕ್ಕೇ ಸುಸ್ತಾದರೆ ಬೇಸರಪಡಬೇಡಿ.

ಪ್ರಶ್ನೆ: ಕನ್ನಡದಿಂದ ಇಂಗ್ಲಿಷಿಗೆ ಅಭ್ಯಾಸ ಮಾಡಲು ಆ ಸಂಗ್ರಹದಲ್ಲಿ ಏನೂ ಸಿಗಲಿಲ್ಲ.

ಉತ್ತರ: ಸಿಗುವುದಿಲ್ಲ. ಅದು ಮುಖ್ಯವಾಗಿ ಯುರೋಪಿನ ಭಾಷೆಗಳಿಗಾಗಿ ಇರುವುದು. ಆದರೆ ಅಲ್ಲಿಯ ಒಂದು ಪದ್ಧತಿಯನ್ನು ಎರವಲು ಪಡೆಯಬಹುದು. ಕಲಿಕೆಗೆಂದೇ ಸಿದ್ಧಪಡಿಸಿದ ಭಾಷಣಗಳಲ್ಲಿ ತರಬೇತುದಾರರು ಕಾಗದ ನೋಡಿ ಓದುವುದಿಲ್ಲ, ಮುಖ್ಯಾಂಶಗಳನ್ನಷ್ಟೇ ಇಟ್ಟುಕೊಂಡು ಮಾತನಾಡುತ್ತಾರೆ. ಓದಿದ ಮಾತಿಗೆ ಉಸಿರಿರುವುದಿಲ್ಲ, ಅದನ್ನು ಹಿಂಬಾಲಿಸುವುದು ನುರಿತವರಿಗೂ ಕಷ್ಟ. ನಿಮ್ಮ ಸಹಪಾಠಿಯೊಬ್ಬರಿಗೆ ಒಂದು ಲೇಖನ ಕೊಡಿ. ಅವರು ಎರಡು ಸಲ ಓದಿ, ಐದು ಅಂಶ ಗುರುತು ಹಾಕಿಕೊಂಡು, ಲೇಖನ ಮುಚ್ಚಿಟ್ಟು ನಿಮ್ಮ ಕಣ್ಣು ನೋಡುತ್ತ ಐದು ನಿಮಿಷ ಕನ್ನಡದಲ್ಲಿ ಮಾತನಾಡಲಿ. ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ನೀವು ಇಂಗ್ಲಿಷಿನಲ್ಲಿ ಹೇಳಿ. ಮುಂದಿನ ವಾರ ನೀವು ಮಾತನಾಡಿ, ಅವರು ಇಂಗ್ಲಿಷಿನಲ್ಲಿ ಹೇಳಲಿ. ವಿಷಯ, ಅವಧಿ, ಕಷ್ಟದ ಮಟ್ಟ ಮೂರನ್ನೂ ಕಡತದ ಹೆಸರಿನಲ್ಲೇ ಬರೆದಿಡಿ, ನಿಮ್ಮ ನಂತರ ಬರುವ ವಿದ್ಯಾರ್ಥಿಗಳಿಗೆ ಹುಡುಕಲು ಸುಲಭವಾಗುತ್ತದೆ.