ಆತಂಕಕ್ಕೆ ಮಾತ್ರೆ ತಗೊಳ್ಳುವಾಗಲೇ ಸಿಗರೇಟು ಬಿಡಬಹುದಾ?

ಒಂದು ವರ್ಷದಿಂದ ಆತಂಕ, ಖಿನ್ನತೆಗೆ ಎಸ್ಸಿಟಲೋಪ್ರಾಮ್ ತಗೊಳ್ತಿದೀರಿ, ದಿನಕ್ಕೆ ಎಂಟ್ಹತ್ತು ಸಿಗರೇಟು ಸೇದ್ತೀರಿ. 'ಮೊದಲು ಮನಸ್ಸು ಸರಿಹೋಗಲಿ, ಸಿಗರೇಟು ಆಮೇಲೆ ನೋಡ್ಕೊಂಡ್ರಾಯ್ತು, ಈಗ ಬಿಟ್ಟರೆ ಇನ್ನೂ ಹೆಚ್ಚಾಗುತ್ತೆ' ಅಂತ ಗೆಳೆಯರು ಹೇಳ್ತಿದ್ದಾರೆ, ಅವರ ಮಾತು ಕೇಳಬೇಕಾ ಅಂತ ನಿಮ್ಮ ಪ್ರಶ್ನೆ. ಕೇಳಬೇಡಿ.

ನಾನು ಡಾಕ್ಟರಲ್ಲ, ಫಾರ್ಮಸಿಸ್ಟ್. ನಮ್ಮ ಮೆಡಿಕಲ್ ಸ್ಟೋರ್ ಇರೋದು ಮನೋವೈದ್ಯರೊಬ್ಬರ ಕ್ಲಿನಿಕ್ ಕೆಳಗಡೆ, ಪಕ್ಕದಲ್ಲೇ ಟೀ ಅಂಗಡಿ. ಚೀಟಿ ತೋರಿಸಿ ಮಾತ್ರೆ ತಗೊಂಡವರು ನಾನು ಕೊಟ್ಟ ಚಿಲ್ಲರೆ ಜೇಬಿಗೂ ಹಾಕದೆ ಹಾಗೇ ಪಕ್ಕಕ್ಕೆ ಹೋಗಿ ಒಂದು ಕಿಂಗ್ ಹಚ್ಚೋದನ್ನ ದಿನಾ ನೋಡ್ತೀನಿ. (ಬಿಡಿ ಸಿಗರೇಟು ಮಾರೋದನ್ನ ಕರ್ನಾಟಕದಲ್ಲಿ 2017ರಲ್ಲೇ ನಿಷೇಧಿಸಿದ್ದಾರೆ. ಆ ಟೀ ಅಂಗಡಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.)

ಸೇದಿದರೆ ತಲೆ ಹಗುರ ಆಗುತ್ತೆ ಅಂತ ಅವರು ಹೇಳೋದು ಸುಳ್ಳಲ್ಲ. ಎಳೆದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತೆ, ಹಾಯ್ ಅನಿಸುತ್ತೆ. ಆದರೆ ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತೆ. ಆಗ ಶುರುವಾಗುತ್ತೆ ಚಡಪಡಿಕೆ, ಸಿಡುಕು, ಯಾವುದರಲ್ಲೂ ಮನಸ್ಸು ನಿಲ್ಲದಿರೋದು. ಇದು ನಿಮ್ಮ ಆತಂಕವೋ, ನಿಕೋಟಿನ್ ಇಳಿದದ್ದೋ? ಒಳಗಿಂದ ಗುರುತು ಹಿಡಿಯೋದು ಕಷ್ಟ. ಇನ್ನೊಂದು ಹಚ್ಚಿದ ಕೂಡಲೇ ಇಳಿಯೋದರಿಂದ ಸಿಗರೇಟೇ ಔಷಧಿ ಅನಿಸಿಬಿಡುತ್ತೆ. ಬಡ್ಡಿಗೆ ಕೊಟ್ಟವನೇ ಬಡ್ಡಿ ಕಟ್ಟೋಕೆ ಕೈಗಡ ಕೊಟ್ಟ ಹಾಗೆ.

ಬಿಟ್ಟವರ ಮನಸ್ಸು ಏನಾಯ್ತು ಅಂತ ಹುಡುಕಿದವರಿದ್ದಾರೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದ್ದು ಬಂತು. ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಡಿಮೆಯಾಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೇ. 2021ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನ ಒಟ್ಟುಗೂಡಿಸಿ ಪರಿಶೀಲಿಸೋ ಕಾಕ್ರೇನ್ ಸಂಸ್ಥೆಯವರು 102 ಅಧ್ಯಯನ ಸೇರಿಸಿ ನೋಡಿದಾಗಲೂ ಅದೇ ದಿಕ್ಕು. ಮನಸ್ಸು ಸುಧಾರಿಸಿದ್ದಕ್ಕೇ ಬಿಡೋಕಾಯ್ತೇನೋ ಅಂತ ಯಾರಾದರೂ ವಾದ ಮಾಡಬಹುದು, ಆ ವಾದದಲ್ಲಿ ಹುರುಳಿದೆ. ಆದರೆ ನಿಮ್ಮ ಗೆಳೆಯರ ಹೆದರಿಕೆ ನಿಜವಾಗಿದ್ದರೆ ಲೆಕ್ಕ ಪೂರ್ತಿ ಉಲ್ಟಾ ಬರಬೇಕಿತ್ತಲ್ಲ?

ಮೊದಲ ಎರಡು ಮೂರು ದಿನ ಮಾತ್ರ ಕೆಟ್ಟದಾಗೇ ಇರುತ್ತೆ, ಸುಳ್ಳು ಹೇಳಲ್ಲ. ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತಾ ಹೋಗುತ್ತೆ. ಈ ಅವಧಿಯನ್ನೇ ನೋಡಿ 'ನೋಡ್ದ್ಯಾ, ಬಿಟ್ಟಿದ್ದಕ್ಕೆ ಹೆಚ್ಚಾಯ್ತು' ಅನ್ನೋದು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಸಿಗರೇಟಿನ ಹೊಗೆಯಲ್ಲಿರೋ ಟಾರಿನ ಅಂಶಗಳು ಲಿವರ್‌ನ ಒಂದು ಕಿಣ್ವವನ್ನ ಚುರುಕು ಮಾಡುತ್ತವೆ. ಕಾಫಿ ಟೀಯ ಕೆಫೀನನ್ನ ಕರಗಿಸೋದೂ ಅದೇ ಕಿಣ್ವ. ಹೊಗೆ ನಿಂತರೆ ಕಿಣ್ವದ ವೇಗ ತಗ್ಗುತ್ತೆ, ನೀವು ಮಾಮೂಲಿ ಕುಡಿಯೋ ನಾಲ್ಕು ಲೋಟ ಕಾಫಿಯ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಬೈಗುಳ ಮಾತ್ರ ಸಿಗರೇಟು ಬಿಟ್ಟಿದ್ದಕ್ಕೆ! ಬಿಡುವ ವಾರ ಕಾಫಿಯನ್ನ ಅರ್ಧಕ್ಕಿಳಿಸಿ.

ತೀವ್ರ ಮಾನಸಿಕ ಕಾಯಿಲೆಗಳಿಗೆ ಕೊಡೋ ಒಲಾಂಜಪಿನ್, ಕ್ಲೋಜಪಿನ್ ಮಾತ್ರೆಗಳನ್ನ ಕರಗಿಸೋದರಲ್ಲೂ ಇದೇ ಕಿಣ್ವದ ಕೈ ದೊಡ್ಡದು. ನಿಮ್ಮ ಎಸ್ಸಿಟಲೋಪ್ರಾಮ್ ಹೋಗೋ ದಾರಿ ಬೇರೆ, ನಿಮಗೆ ಈ ಚಿಂತೆ ಬೇಡ. ಆದರೂ ಇದನ್ನ ಓದುವ ಬೇರೆಯವರಿಗಾಗಿ ಹೇಳ್ತೀನಿ. ಮಗನ ಮಾತ್ರೆ ಒಯ್ಯೋಕೆ ಬರೋ ಅಮ್ಮ ಒಬ್ಬರು ಒಂದು ದಿನ ಕೌಂಟರ್ ಹತ್ರ ನಿಂತು, "ನೋಡಪ್ಪಾ, ಹುಡುಗ ಸಿಗರೇಟು ಬಿಟ್ಟ ಅಂತ ದೇವ್ರಿಗೆ ಕಾಯಿ ಒಡೆಸ್ದೆ. ಈಗ ಹಗಲೆಲ್ಲ ಬಿದ್ಕೊಂಡಿರ್ತಾನೆ, ಎಬ್ಬಿಸಿದ್ರೆ ತೂರಾಡ್ತಾನೆ" ಅಂದರು. ಚೀಟಿ ನೋಡಿದೆ, ಕ್ಲೋಜಪಿನ್. ಮಾತ್ರೆ ಕೊಡೋ ಮೊದಲು ಮೇಲೆ ಡಾಕ್ಟರ ಹತ್ರ ಕಳಿಸಿದೆ, ರಕ್ತ ಪರೀಕ್ಷೆ ಮಾಡಿಸಿ ಡೋಸ್ ಇಳಿಸಿದರು. ಸೇದುತ್ತಿದ್ದಾಗ ಸರಿಹೋಗುತ್ತಿದ್ದ ಡೋಸೇ ಬಿಟ್ಟಮೇಲೆ ಜಾಸ್ತಿ ಆಗಿತ್ತು. ಇಂಥ ಮಾತ್ರೆ ತಗೊಳ್ಳುವವರು ಬಿಡಬಾರದು ಅಂತಲ್ಲ, ಬಿಡುವ ಮೊದಲೇ ಡಾಕ್ಟರಿಗೆ ತಿಳಿಸಬೇಕು. ಆಸ್ಪತ್ರೆಗೆ ಸೇರಿ ಬಲವಂತಕ್ಕೆ ಸಿಗರೇಟು ನಿಂತವರಿಗೂ, ವಾಪಸ್ ಬಂದು ಮತ್ತೆ ಶುರುಮಾಡಿದವರಿಗೂ ಇದೇ ಮಾತು. ಸಿಗರೇಟಿನ ಬದಲು ಜಗಿಯೋ ನಿಕೋಟಿನ್ ಗಮ್‌ನಿಂದ ಈ ಏರುಪೇರು ತಪ್ಪಲ್ಲ, ಯಾಕೆಂದರೆ ಕಿಣ್ವವನ್ನ ಕೆಣಕೋದು ಹೊಗೆ, ನಿಕೋಟಿನ್ ಅಲ್ಲ.

ಗಮ್ ಅಂದೆ. 2 ಮಿ.ಗ್ರಾಂ.ನದ್ದು ಚೀಟಿ ಇಲ್ಲದೆ ಸಿಗುತ್ತೆ. ಬಬಲ್‌ಗಮ್ ಥರ ಜಗಿದು ಎಂಜಲು ನುಂಗಿದರೆ ಬಿಕ್ಕಳಿಕೆ, ಎದೆಯುರಿ ಗ್ಯಾರಂಟಿ. ನಿಧಾನ ಜಗಿದು, ಖಾರ ಬಂದ ಕೂಡಲೇ ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿ ಇಟ್ಕೊಳ್ಳಿ, ಚುರುಚುರು ಹೋದಮೇಲೆ ಮತ್ತೆ ಜಗಿಯಿರಿ. ಒಂದು ಗಮ್ ಅರ್ಧ ಗಂಟೆ. ಕಾಫಿ ಕುಡಿದ ತಕ್ಷಣ ಬೇಡ, ಬಾಯೊಳಗೆ ಸರಿಯಾಗಿ ಹೀರಿಕೊಳ್ಳಲ್ಲ.

ಸಿಗರೇಟು ಬಿಡೋಕೆ ಕೊಡೋ ವರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆ ಬಗ್ಗೆ 'ತಲೆ ಕೆಡಿಸುತ್ತೆ' ಅನ್ನೋ ಹೆದರಿಕೆ ಹಿಂದೆ ಇತ್ತು. ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗ 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಮಾನಸಿಕ ಕಾಯಿಲೆ ಇತ್ತು ಅಥವಾ ಹಿಂದೆ ಆಗಿತ್ತು. ಆ ಮಾತ್ರೆಗಳಿಂದ ಮಾನಸಿಕ ತೊಂದರೆ ಗಣನೀಯವಾಗಿ ಹೆಚ್ಚಾಗಿದ್ದು ಕಾಣಲಿಲ್ಲ. ಅದೇ ವರ್ಷದ ಕೊನೆಗೆ ಅಮೆರಿಕದ ಔಷಧ ನಿಯಂತ್ರಕರು ವರೆನಿಕ್ಲಿನ್ ಮಾಹಿತಿ ಪತ್ರದಲ್ಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನ, ಬುಪ್ರೋಪಿಯಾನ್ ಎಚ್ಚರಿಕೆಯಲ್ಲಿ ಸಿಗರೇಟು ಬಿಡುವವರ ಮಾನಸಿಕ ತೊಂದರೆಯ ಭಾಗವನ್ನ ತೆಗೆಸಿದರು. ಆದರೆ ಬುಪ್ರೋಪಿಯಾನ್ ಸ್ವತಃ ಖಿನ್ನತೆಯ ಔಷಧಿ, ಫಿಟ್ಸ್ ಇರುವವರಿಗೆ ಕೊಡೋ ಹಾಗಿಲ್ಲ. ಹಾಗಾಗಿ ಇವನ್ನ ನನ್ನಂಥವನ ಕೌಂಟರಿನಲ್ಲಿ ಕೇಳಬೇಡಿ, ನಿಮಗೆ ಮಾತ್ರೆ ಬರೆಯುತ್ತಿರೋ ಡಾಕ್ಟರನ್ನೇ ಕೇಳಿ.

ತಂಬಾಕು ಬಿಡೋ ಸಹಾಯವಾಣಿ 1800-11-2356. ದಕ್ಷಿಣದ ಭಾಷೆಗಳ ಕರೆ ನಿಮ್ಹಾನ್ಸ್ ಕೇಂದ್ರ ನೋಡಿಕೊಳ್ಳುತ್ತೆ, ಕನ್ನಡದಲ್ಲೇ ಮಾತಾಡಬಹುದು. ಬಿಟ್ಟ ಮೇಲೆ ಮನಸ್ಸು ತೀರಾ ಕುಸಿದರೆ, ಬದುಕೇ ಬೇಡ ಅನಿಸಿದರೆ, ನಾಲ್ಕು ವಾರ ಕಾಯಬೇಡಿ. ಅವತ್ತೇ ಡಾಕ್ಟರಿಗೆ ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ರಾತ್ರಿಯೂ ಎತ್ತುತ್ತಾರೆ.