ಓಝೋನ್ ಒಪ್ಪಂದ ನಡೆಯಿತು, ಹವಾಮಾನ ಒಪ್ಪಂದ ಏಕೆ ಕುಂಟುತ್ತಿದೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಎಂಬತ್ತರ ದಶಕದ ಕೊನೆಯಲ್ಲಿ ಓಝೋನ್ ಪದರಕ್ಕೆ ತೂತು ಬಿದ್ದಿದೆ ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಈಗ ಆ ಮಾತು ಅಪರೂಪವಾಗಿದೆ. ಹವಾಮಾನಕ್ಕಾಗಿ ಮಾತ್ರ ವರ್ಷ ವರ್ಷವೂ ಸಮ್ಮೇಳನ ನಡೆಯುತ್ತದೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಲೇ ಇದೆ. ಒಂದು ವಿಷಯದಲ್ಲಿ ಕೂಡಿಬಂದ ದೇಶಗಳು ಇನ್ನೊಂದರಲ್ಲಿ ಏಕೆ ಕೂಡಿಬರುವುದಿಲ್ಲ?
– ಓದುಗರು, ಶಿರಸಿ

ಉತ್ತರ: ಎರಡೂ ಕಡೆ ಕೂರುವವು ಅವೇ ದೇಶಗಳು. ಹೀಗಾಗಿ ಉತ್ತರವನ್ನು ಅವುಗಳ ಒಳ್ಳೆಯತನದಲ್ಲಿ ಹುಡುಕಿದರೆ ಸಿಗುವುದಿಲ್ಲ. ಒಪ್ಪಂದಗಳ ಕಲಮುಗಳಲ್ಲಿ ಹುಡುಕಬೇಕು.

ಫ್ರಿಜ್, ಎಸಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ (ಕ್ಲೋರೊಫ್ಲೂರೊಕಾರ್ಬನ್) ಅನಿಲಗಳು ಮೇಲಿನ ವಾಯುಮಂಡಲಕ್ಕೇರಿ ಓಝೋನನ್ನು ತಿನ್ನುತ್ತವೆ ಎಂದು ರಸಾಯನ ವಿಜ್ಞಾನಿಗಳಾದ ಮಾರಿಯೊ ಮೊಲಿನಾ ಮತ್ತು ಶೆರ್‌ವುಡ್ ರೋಲೆಂಡ್ ಹೇಳಿದ್ದು 1974ರಲ್ಲಿ. 1985ರ ಮಾರ್ಚಿನಲ್ಲಿ ವಿಯೆನ್ನಾದಲ್ಲಿ ಒಂದು ಒಡಂಬಡಿಕೆಯಾಯಿತು. ಅದರಲ್ಲಿ ಸಂಶೋಧನೆ, ಸಹಕಾರ ಮುಂತಾದ ಮಾತುಗಳಿದ್ದವೇ ಹೊರತು ಯಾರೂ ಏನನ್ನೂ ಕಡಿತ ಮಾಡಬೇಕಿರಲಿಲ್ಲ. ಎರಡೇ ತಿಂಗಳಲ್ಲಿ, ಅಂಟಾರ್ಕ್ಟಿಕಾದ ಹ್ಯಾಲಿ ಬೇ ಕೇಂದ್ರದಲ್ಲಿ ಬ್ರಿಟಿಷ್ ವಿಜ್ಞಾನಿಗಳು ವರ್ಷಗಟ್ಟಲೆ ಅಳೆದಿಟ್ಟ ಅಂಕಿಗಳು ಪ್ರಕಟವಾಗಿ, ನೀವು ಪಾಠ ಮಾಡಿದ ಆ ತೂತು ಜಗತ್ತಿಗೆ ಗೊತ್ತಾಯಿತು. 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಓಝೋನ್ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ಆ ತೂತಿಗೆ ಸಿಎಫ್‌ಸಿಯೇ ಕಾರಣವೆಂಬುದು ಇನ್ನೂ ಪೂರ್ತಿ ಸಾಬೀತಾಗಿರಲಿಲ್ಲ ಎಂಬುದನ್ನು ಇಂದು ನಾವು ಮರೆತಿದ್ದೇವೆ.

ಮಾಂಟ್ರಿಯಲ್‌ನ ಮೊದಲ ಗುರಿ ತೀರ ಸಾಧಾರಣವಾದದ್ದು: ಐದು ಬಗೆಯ ಸಿಎಫ್‌ಸಿಗಳನ್ನು ಶತಮಾನದ ಕೊನೆಯೊಳಗೆ ಅರ್ಧಕ್ಕಿಳಿಸುವುದು. ಆದರೆ ಆ ಪತ್ರದೊಳಗೆ ಮೂರು ಕಲಮುಗಳಿದ್ದವು, ಕಥೆಯೆಲ್ಲ ಇರುವುದು ಅಲ್ಲೇ. ಒಂದು, ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ವಿಜ್ಞಾನಿಗಳ ಮತ್ತು ತಂತ್ರಜ್ಞರ ವರದಿಯನ್ನು ಮುಂದಿಟ್ಟುಕೊಂಡು ನಿಯಂತ್ರಣ ಕ್ರಮಗಳನ್ನು ಮರುಪರಿಶೀಲಿಸಬೇಕು. ಎರಡು, ಪಟ್ಟಿಯಲ್ಲಿರುವ ರಾಸಾಯನಿಕದ ಕಡಿತವನ್ನು ಬಿಗಿಗೊಳಿಸುವಾಗ ಒಮ್ಮತ ಮೂಡದಿದ್ದರೆ ಮೂರನೇ ಎರಡರಷ್ಟು ಮತದಿಂದ ತೀರ್ಮಾನಿಸಬಹುದು, ಆ ತೀರ್ಮಾನ ಸಂಸತ್ತುಗಳ ಹೊಸ ಅನುಮೋದನೆಗೆ ಕಾಯದೆ ಎಲ್ಲರಿಗೂ ಅನ್ವಯಿಸುತ್ತದೆ. ಮೂರು, ಒಪ್ಪಂದದ ಹೊರಗುಳಿದ ದೇಶಗಳೊಡನೆ ಈ ರಾಸಾಯನಿಕಗಳ ವ್ಯಾಪಾರ ನಡೆಸುವಂತಿಲ್ಲ. ಹೊರಗೆ ನಿಂತು ಲಾಭ ಮಾಡಿಕೊಳ್ಳೋಣ ಎಂದುಕೊಂಡವರಿಗೆ ಮಾರುಕಟ್ಟೆಯ ಬಾಗಿಲೇ ಮುಚ್ಚಿತು. 1990ರ ಲಂಡನ್ ಸಭೆಯಲ್ಲಿ ಅರ್ಧದ ಗುರಿ ಪೂರ್ಣ ನಿಷೇಧವಾಯಿತು. 1992ರ ಕೋಪನ್‌ಹೇಗನ್ ಸಭೆಯಲ್ಲಿ ಶ್ರೀಮಂತ ದೇಶಗಳ ಗಡುವು 1996ಕ್ಕೆ ಬಂತು.

ಇಷ್ಟಿದ್ದರೂ ಭಾರತ ಮತ್ತು ಚೀನಾ ಮೊದಲಿಗೆ ಒಳಗೆ ಬರಲಿಲ್ಲ. ಬಡ ದೇಶಗಳಿಗೆ ವರ್ಷಕ್ಕೆ ಪ್ರತಿ ವ್ಯಕ್ತಿಗೆ 0.3 ಕಿಲೋ ಬಳಕೆಯ ಮಿತಿ ಇಟ್ಟು ಹತ್ತು ವರ್ಷ ರಿಯಾಯಿತಿ ಕೊಡಲಾಗಿತ್ತು, ನಮ್ಮ ಬಳಕೆ ಆ ಮಿತಿಗಿಂತ ಬಹಳ ಕೆಳಗಿತ್ತು. ಹರಿದವರು ಹೊಲಿಯಲಿ, ಹೊಲಿಗೆಗೆ ನಾವೂ ಕೈಹಾಕಬೇಕೆಂದರೆ ದಾರದ ಖರ್ಚು ಯಾರದು ಎಂಬುದು ನಮ್ಮವರ ವಾದವಾಗಿತ್ತು. ಮೇನಕಾ ಗಾಂಧಿ ಪರಿಸರ ಸಚಿವೆಯಾಗಿದ್ದಾಗ ನಡೆದ ಲಂಡನ್ ಸಭೆಯಲ್ಲಿ ಆ ಖರ್ಚಿನ ಲೆಕ್ಕ ಬರೆದು ಇಡಲಾಯಿತು: ಮೂರು ವರ್ಷಕ್ಕೆ 16 ಕೋಟಿ ಡಾಲರ್ ನಿಧಿ, ಭಾರತ ಮತ್ತು ಚೀನಾ ಸೇರಿದರೆ ಇನ್ನೂ 8 ಕೋಟಿ. ನಿಧಿಯ ಕಾರ್ಯಕಾರಿ ಸಮಿತಿಯಲ್ಲಿ ಶ್ರೀಮಂತ ದೇಶಗಳು ಏಳು, ಉಳಿದವು ಏಳು. ಭಾರತ 1992ರಲ್ಲಿ ಸೇರಿತು. ಕೊಡುವವರೂ ಪಡೆಯುವವರೂ ಸಮವಾಗಿ ಕೂತು ಹಣ ಹಂಚುವ ಇಂಥ ಏರ್ಪಾಡು ಆ ಕಾಲಕ್ಕೆ ಅಪರೂಪವಾಗಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಒಪ್ಪಂದದ ನಡುಗಂಬ ಅದೇ.

ಒಂದು ಮಾತನ್ನು ಮುಚ್ಚಿಡಬಾರದು. ಸಿಎಫ್‌ಸಿ ತಯಾರಿಸುತ್ತಿದ್ದ ಕಂಪನಿಗಳು ಬೆರಳೆಣಿಕೆಯಷ್ಟಿದ್ದವು, ಬದಲಿ ರಾಸಾಯನಿಕವನ್ನು ಮಾರುವವರೂ ಬಹುಮಟ್ಟಿಗೆ ಅವರೇ ಆಗಲಿದ್ದರು. ಕಲ್ಲಿದ್ದಲು, ಪೆಟ್ರೋಲು ಹಾಗಲ್ಲ. ಅವು ನಮ್ಮ ಅಡುಗೆಮನೆಯಿಂದ ಉಕ್ಕಿನ ಕಾರ್ಖಾನೆಯವರೆಗೆ ಎಲ್ಲದರಲ್ಲೂ ಬೆರೆತಿವೆ. ಮಾಂಟ್ರಿಯಲ್ ಕಲಮುಗಳನ್ನು ಹಾಗೆಯೇ ಎತ್ತಿ ಹವಾಮಾನ ಒಪ್ಪಂದಕ್ಕೆ ಅಂಟಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ವ್ಯತ್ಯಾಸವನ್ನು ಹಗುರಾಗಿ ಕಾಣುತ್ತಾರೆ.

ಪ್ರಶ್ನೆ: ಓಝೋನ್ ತೂತಿನಿಂದ ಬಿಸಿಲು ಹೆಚ್ಚು ಒಳಗೆ ಬಂದು ಭೂಮಿ ಬಿಸಿಯಾಗುತ್ತಿದೆ ಎನ್ನುವುದು ನಿಜವೆ?
– ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಲ್ಲ. ತೂತಿನಿಂದ ಹೆಚ್ಚುವುದು ನೇರಳಾತೀತ ಕಿರಣ. ಅದರ ಭಯ ಚರ್ಮಕ್ಕೆ, ಕಣ್ಣಿಗೆ, ಬೆಳೆಗೆ. ಭೂಮಿ ಬಿಸಿಯಾಗುವುದು ಹೊರಹೋಗಬೇಕಾದ ಶಾಖವನ್ನು ಕೆಲವು ಅನಿಲಗಳು ಹಿಡಿದಿಡುವುದರಿಂದ. ಗೊಂದಲಕ್ಕೆ ಕಾರಣವೆಂದರೆ ಸಿಎಫ್‌ಸಿಗಳು ಎರಡೂ ಕೆಡುಕನ್ನು ಮಾಡುತ್ತವೆ. ಆದ್ದರಿಂದಲೇ ಅವುಗಳನ್ನು ನಿಲ್ಲಿಸಿದ್ದು ಹವಾಮಾನಕ್ಕೂ ದೊಡ್ಡ ಉಪಕಾರವಾಯಿತು.

ಪ್ರಶ್ನೆ: ನನ್ನದು ಫ್ರಿಜ್, ಎಸಿ ರಿಪೇರಿ ಅಂಗಡಿ. ಮೊದಲು ಆರ್-12 ಗ್ಯಾಸ್ ಇತ್ತು, ಅದು ಹೋಗಿ ಆರ್-134ಎ ಬಂತು. ಎಸಿಗೆ ಆರ್-22 ಇತ್ತು, ಆಮೇಲೆ ಆರ್-410ಎ, ಈಗ ಆರ್-32. ಪ್ರತಿ ಸಲವೂ ಹೊಸ ಗೇಜು, ಹೊಸ ಎಣ್ಣೆ. ಇದನ್ನೆಲ್ಲ ಎಲ್ಲಿ ಕೂತು ಯಾರು ತೀರ್ಮಾನಿಸುತ್ತಾರೆ? ಆರ್-32 ಕೂಡ ನಿಂತುಹೋಗುತ್ತದೆಯೆ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಅಂಗಡಿಯ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿದರೆ ಅದೇ ಒಪ್ಪಂದದ ಇತಿಹಾಸ. ಆರ್-12 ಸಿಎಫ್‌ಸಿ, ಅದು ಹೋದದ್ದು ಲಂಡನ್ ತೀರ್ಮಾನದಿಂದ, ನಮ್ಮಲ್ಲಿ 2010ರ ಹೊತ್ತಿಗೆ. ಆರ್-22ರಲ್ಲಿ ಕ್ಲೋರಿನ್ ಇದ್ದರೂ ಓಝೋನಿಗೆ ಹಾನಿ ಕಡಿಮೆ, ಹಾಗಾಗಿ ಅದಕ್ಕೆ ಮಧ್ಯಂತರದ ಅವಕಾಶ ಸಿಕ್ಕಿತು. ಭಾರತದ ನಿಯಮದಂತೆ 2025ರಿಂದ ಅದನ್ನು ತುಂಬಿದ ಹೊಸ ಯಂತ್ರ ತಯಾರಾಗುವಂತಿಲ್ಲ. ಹಳೆಯ ಯಂತ್ರಗಳ ರಿಪೇರಿಗೆ ಮಾತ್ರ ಇನ್ನು ಕೆಲವು ಕಾಲ ದೊರೆಯುತ್ತದೆ. ಆರ್-134ಎ, 410ಎ, 32 ಇವೆಲ್ಲ ಎಚ್‌ಎಫ್‌ಸಿಗಳು, ಅಂದರೆ ಕ್ಲೋರಿನ್ ಇಲ್ಲದ ಬದಲಿ ಅನಿಲಗಳು. ಇವು ಓಝೋನನ್ನು ಮುಟ್ಟುವುದಿಲ್ಲ, ಆದರೆ ಶಾಖವನ್ನು ಹಿಡಿಯುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ, ಆರ್-410ಎ 2,088ಕ್ಕೆ, ಆರ್-32 675ಕ್ಕೆ.

ಓಝೋನಿಗೆ ತೊಂದರೆ ಕೊಡದ ಅನಿಲ ಓಝೋನ್ ಒಪ್ಪಂದದೊಳಗೆ ಏಕೆ ಬಂತು ಎಂದು ನೀವು ಕೇಳಬಹುದು. ಭಾರತವೂ ಹಲವು ವರ್ಷ ಅದನ್ನೇ ಕೇಳಿತು: ಇದು ಹವಾಮಾನದ ವಿಷಯ, ಹವಾಮಾನ ಒಡಂಬಡಿಕೆಯಲ್ಲೇ ಚರ್ಚೆಯಾಗಲಿ, ಅಲ್ಲಿ ಶ್ರೀಮಂತ ದೇಶಗಳ ಹೊಣೆ ಹೆಚ್ಚೆಂಬ ತತ್ವ ಬರೆದಿದೆ ಎಂದು. ಉಳಿದವರು, ಕೆಲಸ ಮಾಡುವ ಯಂತ್ರ ಇರುವುದು ಇಲ್ಲಿ ತಾನೆ ಎಂದರು. ಕೊನೆಗೆ 2015ರಲ್ಲಿ ಭಾರತ ತನ್ನದೇ ತಿದ್ದುಪಡಿಯ ಕರಡನ್ನು ಮುಂದಿಟ್ಟಿತು, 2016ರ ಅಕ್ಟೋಬರ್ 15ರ ಬೆಳಗಿನ ಜಾವ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದವಾಯಿತು. ಅಲ್ಲಿ ನಮ್ಮ ನಿಯೋಗದ ಮುಂದಾಳು ಅಂದಿನ ಪರಿಸರ ಸಚಿವ ಅನಿಲ್ ಮಾಧವ ದವೆ. ಚೌಕಾಶಿಯ ತಿರುಳು ಗಡುವಿನದಾಗಿತ್ತು. ಶ್ರೀಮಂತ ದೇಶಗಳು 2019ರಿಂದಲೇ ಕಡಿತ ಆರಂಭಿಸಿದವು. ಚೀನಾ ಇದ್ದ ದೊಡ್ಡ ಗುಂಪು 2024ರಲ್ಲಿ ಬಳಕೆಯನ್ನು ಇದ್ದಲ್ಲಿಗೇ ನಿಲ್ಲಿಸಲು ಒಪ್ಪಿತು. ಭಾರತ, ಪಾಕಿಸ್ತಾನ, ಇರಾನ್, ಇರಾಕ್ ಮತ್ತು ಕೊಲ್ಲಿಯ ಕೆಲವು ದೇಶಗಳಿಗೆ 2028ರವರೆಗೆ ಸಮಯ ದೊರೆಯಿತು. ಆಮೇಲೆ ನಮ್ಮ ಕಡಿತ 2032ಕ್ಕೆ ಶೇ 10, 2037ಕ್ಕೆ ಶೇ 20, 2042ಕ್ಕೆ ಶೇ 30, 2047ಕ್ಕೆ ಶೇ 85. ಬೇಸಿಗೆಯಲ್ಲಿ ಬೇಯುವ, ಮನೆಮನೆಗೆ ಈಗಷ್ಟೇ ಎಸಿ ಬರುತ್ತಿರುವ ದೇಶಗಳಿಗೆ ಹೆಚ್ಚು ಸಮಯ ಬೇಕೆಂಬ ವಾದ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಭಾರತ ಈ ತಿದ್ದುಪಡಿಯನ್ನು ಅನುಮೋದಿಸಿದ್ದು 2021ರಲ್ಲಿ.

ಇನ್ನು ಆರ್-32. ಲೆಕ್ಕ ಹಿಡಿಯುವುದು ಬರೀ ತೂಕದಿಂದಲ್ಲ, ತೂಕವನ್ನು ಆ ಮೇಲಿನ ಅಂಕಿಯಿಂದ ಗುಣಿಸಿ. ಆದ್ದರಿಂದ 2,088ರ ಅನಿಲ ಮೊದಲು ಹೊರಟು 675ರದ್ದು ಬಹುಕಾಲ ಉಳಿಯುವುದು ಸಹಜ. ಹಠಾತ್ ನಿಷೇಧದ ಭಯ ಬೇಡ. ಹೊಸ ಯಂತ್ರಗಳಲ್ಲಿ ಪ್ರೊಪೇನ್ ಜಾತಿಯ ಆರ್-290, ಫ್ರಿಜ್ಜಿನಲ್ಲಿ ಆರ್-600ಎ ಹೆಚ್ಚುತ್ತವೆ. ಇವು ಬೆಂಕಿ ಹಿಡಿಯುವಂಥವು, ಆರ್-32 ಕೂಡ ಸ್ವಲ್ಪಮಟ್ಟಿಗೆ ಹಾಗೆಯೇ. ಮಾಂಟ್ರಿಯಲ್ ನಿಧಿಯ ಹಣದಲ್ಲಿ ಒಂದು ಪಾಲು ಮೆಕ್ಯಾನಿಕ್‌ಗಳ ತರಬೇತಿಗೆ ಮೀಸಲಾಗಿದೆ; ನಿಮ್ಮ ಊರಿನಲ್ಲಿ ಅಂಥ ತರಬೇತಿ ನಡೆದರೆ ಬಿಡಬೇಡಿ. ಯಂತ್ರ ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುವ ಅಭ್ಯಾಸವೂ ಈ ಒಪ್ಪಂದದ ಜಾರಿಯೇ.

ಪ್ರಶ್ನೆ: 2024ರಲ್ಲಿ ಬಾಕು ಹವಾಮಾನ ಸಮ್ಮೇಳನದಲ್ಲಿ ಭಾರತ ಆಕ್ಷೇಪಿಸಿದರೂ ತೀರ್ಮಾನ ಅಂಗೀಕಾರವಾಯಿತು ಎಂದು ಓದಿದೆ. ಎಲ್ಲರ ಒಪ್ಪಿಗೆ ಬೇಕೆನ್ನುವ ಕಡೆ ಇದು ಹೇಗೆ ಸಾಧ್ಯ?
– ಕಾನೂನು ವಿದ್ಯಾರ್ಥಿ, ಮಂಗಳೂರು

ಉತ್ತರ: 1992ರ ಹವಾಮಾನ ಒಡಂಬಡಿಕೆಯ ದೇಶಗಳು 1995ರಲ್ಲಿ ಬರ್ಲಿನ್‌ನಲ್ಲಿ ಮೊದಲ ಬಾರಿ ಸಭೆ ಸೇರಿದಾಗ ನಡಾವಳಿಯ ನಿಯಮಾವಳಿಯನ್ನು ಅಂಗೀಕರಿಸಬೇಕಿತ್ತು. ಮತದಾನದ ಬಗೆಗಿನ 42ನೇ ನಿಯಮದ ಮೇಲೆ ಜಗಳವಾಯಿತು. ತೈಲ ಮಾರುವ ದೇಶಗಳು ಬಹುಮತಕ್ಕೆ ಒಪ್ಪಲಿಲ್ಲ. ಅಂದಿನಿಂದ ಇಂದಿನವರೆಗೂ ಅದೊಂದನ್ನು ಬಿಟ್ಟು ಉಳಿದ ಕರಡು ನಿಯಮಗಳನ್ನೇ ಅನ್ವಯಿಸಿಕೊಂಡು ಸಭೆ ನಡೆಯುತ್ತಿದೆ. ಮತದಾನಕ್ಕೆ ನಿಯಮವಿಲ್ಲದ ಕಾರಣ ಒಮ್ಮತವೊಂದೇ ದಾರಿ, ಆದರೆ ಒಮ್ಮತವೆಂದರೇನು ಎಂದು ಎಲ್ಲೂ ಬರೆದಿಲ್ಲ. ಹೀಗಾಗಿ ಅದರ ಅರ್ಥ ಅಧ್ಯಕ್ಷರ ಸುತ್ತಿಗೆಯಲ್ಲಿದೆ. 2010ರಲ್ಲಿ ಕಾನ್‌ಕುನ್‌ನಲ್ಲಿ ಬೊಲಿವಿಯಾ ಎದ್ದುನಿಂತು ವಿರೋಧಿಸಿದರೂ ಸಭಾಧ್ಯಕ್ಷೆ, ಮೆಕ್ಸಿಕೋದ ಪಟ್ರಿಸಿಯಾ ಎಸ್ಪಿನೋಸಾ, ಒಮ್ಮತವೆಂದರೆ ಒಂದೇ ದೇಶಕ್ಕೆ ತಡೆಹಿಡಿಯುವ ಅಧಿಕಾರವಲ್ಲ ಎಂಬರ್ಥದ ಮಾತು ಹೇಳಿ ಸುತ್ತಿಗೆ ಬಡಿದರು. 2012ರಲ್ಲಿ ದೋಹಾದಲ್ಲಿ ರಷ್ಯಾಕ್ಕೂ ಅದೇ ಅನುಭವವಾಯಿತು. ಬಾಕುವಿನಲ್ಲಿ, ಬಡ ದೇಶಗಳಿಗೆ ಹವಾಮಾನ ನೆರವು 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂಬ ಗುರಿಗೆ ಸುತ್ತಿಗೆ ಬಿದ್ದ ಮೇಲೆ ಭಾರತದ ಪ್ರತಿನಿಧಿ ಚಾಂದನಿ ರೈನಾ ಎದ್ದು, ಇದು ಕಣ್ಕಟ್ಟು ಎಂದು ಖಂಡಿಸಿದರು. ಬಡ ದೇಶಗಳು ಕೇಳಿದ್ದು 1.3 ಲಕ್ಷ ಕೋಟಿ ಡಾಲರ್. ಖಂಡನೆ ನಡಾವಳಿಯಲ್ಲಿ ದಾಖಲಾಯಿತು, ತೀರ್ಮಾನ ಹಾಗೆಯೇ ಉಳಿಯಿತು. ನನಗೆ ಇಲ್ಲಿ ಭಾರತದ ಸಿಟ್ಟು ಅರ್ಥವಾಗುತ್ತದೆ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ 2020ಕ್ಕೆಂದು ಮಾತು ಕೊಟ್ಟ ವರ್ಷಕ್ಕೆ 10,000 ಕೋಟಿ ಡಾಲರ್, ಕೊಡುವವರ ಲೆಕ್ಕದಲ್ಲೇ, ಕೈಗೂಡಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲದ ರೂಪದಲ್ಲಿ.

ನೀವು ಕಾನೂನು ಓದುತ್ತಿರುವುದರಿಂದ ಇನ್ನೊಂದು ಪ್ರಸಂಗ. 2015ರ ಡಿಸೆಂಬರ್ 12ರಂದು ಪ್ಯಾರಿಸ್ ಒಪ್ಪಂದದ ಕೊನೆಯ ಕರಡಿನಲ್ಲಿ, ಶ್ರೀಮಂತ ದೇಶಗಳು ಇಡೀ ಅರ್ಥವ್ಯವಸ್ಥೆಗೆ ಅನ್ವಯಿಸುವ ಕಡಿತದ ಗುರಿ ಇಟ್ಟುಕೊಂಡು ಮುಂದಾಳತ್ವ ವಹಿಸುವ ವಾಕ್ಯದಲ್ಲಿ ಇಂಗ್ಲಿಷಿನ 'ಶಲ್' ಎಂಬ ಪದವಿತ್ತು. ನಮ್ಮ ಕಾಯ್ದೆಗಳ ಕನ್ನಡದಲ್ಲಿ ಅದು 'ತಕ್ಕದ್ದು'. ಅದು ಉಳಿದಿದ್ದರೆ ಒಪ್ಪಂದ ತನ್ನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಒಪ್ಪಿಗೆಗೆ ಹೋಗಬೇಕಾಗುತ್ತದೆ ಎಂದು ಅಮೆರಿಕ ಪಟ್ಟುಹಿಡಿಯಿತು. ಕೊನೆಗೆ ಹವಾಮಾನ ಒಡಂಬಡಿಕೆಯ ಕಾರ್ಯಾಲಯದ ಅಧಿಕಾರಿ ಅದನ್ನು ಅಚ್ಚಿನ ತಪ್ಪುಗಳ ಜೊತೆ ಸೇರಿಸಿ, 'ಶುಡ್' ಎಂದು ತಿದ್ದಿರುವುದಾಗಿ ಓದಿಹೇಳಿದರು, ಸಭಾಧ್ಯಕ್ಷ, ಫ್ರಾನ್ಸಿನ ಲೊರಾನ್ ಫಾಬಿಯಸ್ ಸುತ್ತಿಗೆ ಬಡಿದರು. 'ಮಾಡತಕ್ಕದ್ದು' ಹೋಗಿ 'ಮಾಡಬೇಕಾದದ್ದು ಯುಕ್ತ' ಎಂದಾದಂತೆ. ಗ್ಲಾಸ್ಗೋದಲ್ಲಿ 2021ರಲ್ಲಿ ಕಲ್ಲಿದ್ದಲನ್ನು ಹಂತ ಹಂತವಾಗಿ 'ನಿಲ್ಲಿಸುವುದು' ಎಂದಿದ್ದನ್ನು 'ತಗ್ಗಿಸುವುದು' ಎಂದು ಮಾಡಿಸಿದ ಅಪವಾದ ಮಾತ್ರ ಭಾರತದ ಹೆಗಲಿಗೆ ಬಿತ್ತು. ಅದಕ್ಕೂ ಕೆಲವೇ ದಿನಗಳ ಹಿಂದೆ ಅಮೆರಿಕ ಮತ್ತು ಚೀನಾ ಕೂಡಿ ಹೊರಡಿಸಿದ ಹೇಳಿಕೆಯಲ್ಲೂ 'ತಗ್ಗಿಸುವುದು' ಎಂದೇ ಇತ್ತು ಎಂಬುದನ್ನು ಹೆಚ್ಚಿನವರು ಹೇಳುವುದಿಲ್ಲ.

ಪ್ರಶ್ನೆ: ಸಹಿ ಹಾಕಿ ಮೋಸ ಮಾಡಿದರೆ ಹಿಡಿಯುವವರು ಯಾರು?
– ಓದುಗರು, ತುಮಕೂರು

ಉತ್ತರ: ಗಾಳಿಯೇ ಸಾಕ್ಷಿ ಹೇಳುತ್ತದೆ. ಸಿಎಫ್‌ಸಿ-11ರ ಉತ್ಪಾದನೆ 2010ರಲ್ಲಿ ಜಗತ್ತಿನಾದ್ಯಂತ ನಿಂತಿರಬೇಕಿತ್ತು. ಆದರೆ ಗಾಳಿಯಲ್ಲಿ ಅದು ಇಳಿಯಬೇಕಾದಷ್ಟು ವೇಗವಾಗಿ ಇಳಿಯುತ್ತಿಲ್ಲ ಎಂದು 2018ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮರುವರ್ಷ ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿರುವ ಮಾಪನ ಕೇಂದ್ರಗಳ ಅಂಕಿಗಳು ಪೂರ್ವ ಚೀನಾದ ಶಾಂಡಾಂಗ್ ಮತ್ತು ಹೆಬೆ ಪ್ರಾಂತ್ಯಗಳ ಕಡೆ ಬೆರಳು ತೋರಿದವು. ಚೀನಾ ಕ್ರಮ ಕೈಗೊಂಡಿತು, ಹೊರಸೂಸುವಿಕೆ ಮತ್ತೆ ಇಳಿಯಿತು.

ಸಹಿಗೆ ದ್ರೋಹ ಮಾಡದೆಯೂ ಆಟ ಆಡಬಹುದು. ಆರ್-22 ತಯಾರಿಸುವಾಗ ಎಚ್‌ಎಫ್‌ಸಿ-23 ಎಂಬ ಉಪ ಅನಿಲ ಹುಟ್ಟುತ್ತದೆ, ಮೇಲೆ ಹೇಳಿದ ಶಾಖದ ಲೆಕ್ಕದಲ್ಲಿ ಅದರ ಅಂಕಿ 14,800. ಪ್ಯಾರಿಸ್ಸಿಗಿಂತ ಮೊದಲಿನ ಹವಾಮಾನ ಒಪ್ಪಂದವಾದ ಕ್ಯೋಟೋದ ಇಂಗಾಲದ ವ್ಯಾಪಾರದಲ್ಲಿ ಅದನ್ನು ಸುಟ್ಟವರಿಗೆ ಮಾರಬಹುದಾದ ಪತ್ರಗಳ ಮೂಲಕ ಹಣ ಸಿಗುತ್ತಿತ್ತು, ಸುಡುವ ಖರ್ಚಿಗಿಂತ ಎಷ್ಟೋ ಪಟ್ಟು. ಸುಡುವುದಕ್ಕಾಗಿಯೇ ಹೆಚ್ಚು ಉತ್ಪಾದಿಸುವ ಆಸೆ ಹುಟ್ಟಿಸುವಂಥ ಏರ್ಪಾಡು ಅದು. ಯುರೋಪು 2013ರಿಂದ ಆ ಪತ್ರಗಳನ್ನು ಕೊಳ್ಳುವುದನ್ನು ನಿಲ್ಲಿಸಿತು. ಕಿಗಾಲಿ ಸಭೆಯ ಹೊತ್ತಿಗೆ ಭಾರತ ಸರ್ಕಾರ ತನ್ನ ಕಾರ್ಖಾನೆಗಳಿಗೆ ಸ್ವಂತ ಖರ್ಚಿನಲ್ಲೇ ಸುಡಿರೆಂದು ಆದೇಶಿಸಿತು.

ಪ್ರಶ್ನೆ: ಅಮೆರಿಕ ಪ್ಯಾರಿಸ್ ಒಪ್ಪಂದದಿಂದ ಹೊರಬಂದಂತೆ ಕಿಗಾಲಿಯಿಂದಲೂ ಹೊರಬಂದರೆ ಎಲ್ಲ ಮುಗಿದಂತೆಯೆ?
– ಓದುಗರು, ಕಲಬುರಗಿ

ಉತ್ತರ: ಎರಡರ ಬೇರು ಬೇರೆ ಬೇರೆ. ಪ್ಯಾರಿಸ್ಸಿಗೆ ಅಮೆರಿಕ ಸೇರಿದ್ದು ಅಧ್ಯಕ್ಷರ ಸಹಿಯಿಂದ. 2020ರಲ್ಲಿ ಹೊರಬಂದದ್ದು, 2021ರಲ್ಲಿ ಮರಳಿದ್ದು, 2025ರಲ್ಲಿ ಮತ್ತೆ ಹೊರಡಲು ನಿರ್ಧರಿಸಿದ್ದು ಎಲ್ಲವೂ ಹಾಗೆಯೇ. ಕಿಗಾಲಿಯ ವಿಷಯದಲ್ಲಿ ಅಲ್ಲಿನ ಎಸಿ ಕಂಪನಿಗಳೇ ಸೆನೆಟ್ಟಿನ ಬಾಗಿಲು ತಟ್ಟಿದವು, ಏಕೆಂದರೆ ಹೊಸ ಅನಿಲಗಳ ತಂತ್ರಜ್ಞಾನಕ್ಕೆ ಅವು ಬಂಡವಾಳ ಹೂಡಿಯಾಗಿತ್ತು. ಎಚ್‌ಎಫ್‌ಸಿ ಕಡಿತದ ದೇಶೀಯ ಕಾಯ್ದೆಗೆ 2020ರ ಡಿಸೆಂಬರಿನಲ್ಲಿ ಸಹಿ ಹಾಕಿದವರು, ಪ್ಯಾರಿಸ್ಸಿನಿಂದ ಹೊರನಡೆದ ಅದೇ ಅಧ್ಯಕ್ಷ ಡೊನಾಲ್ಡ್ ಟ್ರಂಪ್. 1997ರಲ್ಲಿ ಕ್ಯೋಟೋ ಮಾದರಿಯ ಒಪ್ಪಂದ ಬೇಡವೆಂದು 95–0 ಮತಗಳಿಂದ ನಿರ್ಣಯಿಸಿದ್ದ ಸೆನೆಟ್, 2022ರ ಸೆಪ್ಟೆಂಬರಿನಲ್ಲಿ ಕಿಗಾಲಿ ತಿದ್ದುಪಡಿಯನ್ನು 69–27 ಮತಗಳಿಂದ ಒಪ್ಪಿತು.