ನೆರ್ಹಾದ ಸಣ್ಣ ತಪಾಸ್ ಹೋಟೆಲ್‌ಗೆ ಸಸ್ಯಾಹಾರಿ ಅತ್ತೆ-ಮಾವನನ್ನು ಕರೆದುಕೊಂಡು ಹೋಗಬಹುದಾ?

ಸ್ಪೇನ್‌ನ ನೆರ್ಹಾಗೆ ರಜೆಗೆ ಹೋಗುತ್ತಿದ್ದೀರಿ, ಜೊತೆಗೆ ಅತ್ತೆ-ಮಾವ, ಅವರಿಗೆ ಮೊಟ್ಟೆ ನಡೆಯುತ್ತದೆ ಆದರೆ ಮೀನು-ಮಾಂಸ ಬೇಡ, ಅಲ್ವಾ? ಧಾರಾಳವಾಗಿ ಹೋಗಿ. ತಪಾಸ್ ಅಂದರೆ ಸಣ್ಣ ಸಣ್ಣ ತಟ್ಟೆಯಲ್ಲಿ ಬರುವ ತಿಂಡಿಗಳು. ನಾವೂ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು. ನಾಲ್ಕು ರಾತ್ರಿಯಲ್ಲಿ ಮೂರು ರಾತ್ರಿ ಒಂದೇ ಹೋಟೆಲ್‌ನಲ್ಲಿ ಉಂಡೆವು. ಗಂಡ ಕೌಂಟರ್‌ನಲ್ಲಿ, ಹೆಂಡತಿ ಒಲೆ ಮುಂದೆ, ಬಡಿಸುವುದು ಮಗಳು.

ಮೊದಲ ದಿನ ಸಂಜೆ ಆರೂವರೆಗೇ ಹೋಗಿ ಕೂತೆವು. ಕುಡಿಯಲು ಕೊಟ್ಟರು, ಊಟ ಇಲ್ಲ. ಅಲ್ಲಿ ರಾತ್ರಿಯ ಒಲೆ ಹತ್ತುವುದೇ ಎಂಟು, ಎಂಟೂವರೆಗೆ. ಅತ್ತೆ-ಮಾವನಿಗೆ ಬೇಗ ಉಣ್ಣುವ ಅಭ್ಯಾಸ ಇದ್ದರೆ ಮಧ್ಯಾಹ್ನ ಎರಡರ ಹೊತ್ತಿಗೆ ಹೋಗುವುದೇ ವಾಸಿ.

ಒಂದು ಮಾತು ಮಾತ್ರ ಮರೆಯಬೇಡಿ. 'ಮಾಂಸ ಬೇಡ' ಅಂದರೆ ಸಾಲದು. ನಾನು ಹಾಗೆ ಹೇಳಿಯೇ ಸಾಲ್ಮೊರೆಹೊ ತರಿಸಿದೆ. ಟೊಮೆಟೊ, ಬ್ರೆಡ್, ಆಲಿವ್ ಎಣ್ಣೆ ರುಬ್ಬಿ ಮಾಡಿದ ತಣ್ಣಗಿನ ಗಟ್ಟಿ ಸಾರು ಅದು. ಬಟ್ಟಲು ಬಂತು, ಮೇಲೆ ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಕೆಂಪಗೆ ಚೂರುಚೂರು. ಅಮ್ಮ ಚಮಚದಲ್ಲಿ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು, 'ಇದು ಕ್ಯಾರೆಟ್ಟಾ?' ಅಂದರು. ಹಂದಿ ತೊಡೆಯ ಹಮೋನ್! ಅಲ್ಲಿ ಎಷ್ಟೋ ಜನಕ್ಕೆ ಅದು ಮಾಂಸದ ಲೆಕ್ಕಕ್ಕೇ ಬರುವುದಿಲ್ಲ, ನಮ್ಮ ಒಗ್ಗರಣೆ ಇದ್ದ ಹಾಗೆ. 'ಸಿನ್ ಹಮೋನ್, ಸಿನ್ ಅತೂನ್' ಅಂತ ಬಿಡಿಸಿ ಹೇಳಿ. ಸಿನ್ ಅಂದರೆ 'ಇಲ್ಲದೆ'. ಅತೂನ್ ಅಂದರೆ ಟ್ಯೂನಾ ಮೀನು, ಸಲಾಡ್‌ನಲ್ಲಿ ಅಡಗಿರುತ್ತದೆ.

ಮನೆಯವರೇ ನಡೆಸುವ ಹೋಟೆಲ್‌ನ ಅನುಕೂಲ ಗೊತ್ತಾಗಿದ್ದು ಆಮೇಲೆ. ಮಗಳು ಹೋಗಿ ತಾಯಿಗೆ ಹೇಳಿದಳು. ತಾಯಿ ಕೈ ಒರೆಸಿಕೊಳ್ಳುತ್ತಾ ಹೊರಗೇ ಬಂದರು. ಕರಿದದ್ದು ಬೇಕಾದರೆ ಮೀನು ಕರಿದ ಎಣ್ಣೆಯಲ್ಲಿ ಬೇಡ, ಬೇರೆ ಬಾಣಲೆ ಇಡುತ್ತೇನೆ ಅಂತ ಕೈಸನ್ನೆಯಲ್ಲೇ ಹೇಳಿದರು. ಸಮುದ್ರದ ಊರು, ಎಣ್ಣೆಯ ವಿಷಯ ನೀವೂ ಕೇಳಿಬಿಡಿ.

ಆ ಬಾಣಲೆಯಿಂದ ಬಂದದ್ದು ಬದನೆಕಾಯಿ. ತೆಳ್ಳಗೆ ಹೆಚ್ಚಿ, ಹಿಟ್ಟು ಸವರಿ ಕರಿದು, ಮೇಲೆ ಕಪ್ಪಗಿನ ಪಾಕ. 'ಮಿಯೆಲ್ ದೆ ಕಾನ್ಯಾ', ಅಕ್ಷರಕ್ಕೆ ಕಬ್ಬಿನ ಜೇನು. ಅಮ್ಮ ಬೆರಳಲ್ಲಿ ನೆಕ್ಕಿ, 'ಅಯ್ಯೋ, ಜೋನಿಬೆಲ್ಲ ಕಣೋ' ಅಂದರು. ಹೌದು, ಹತ್ತಿರ ಹತ್ತಿರ ಅದೇ. ಅಲ್ಲಿಗೆ ಕಬ್ಬು ತಂದವರು ಅರಬರು, ನೆರ್ಹಾದಿಂದ ಐದಾರು ಕಿಲೋಮೀಟರ್ ಮೇಲಿರುವ ಫ್ರಿಹಿಲಿಯಾನಾದಲ್ಲಿ ಈ ಪಾಕ ಈಗಲೂ ಕಾಯಿಸುತ್ತಾರೆ. ಒಂದು ಬಾಟಲಿ ತಂದೆವು, ದೋಸೆಗೆ ಹಾಕಿಕೊಂಡು ತಿಂಗಳೊಳಗೆ ಖಾಲಿ.

ಉಳಿದಂತೆ ಆಲೂಗಡ್ಡೆ-ಮೊಟ್ಟೆಯ ತೋರ್ತಿಯಾ, ಬಾದಾಮಿ-ಬೆಳ್ಳುಳ್ಳಿಯ ತಣ್ಣಗಿನ ಸಾರು ಅಹೊಬ್ಲಾಂಕೊ, ಉಪ್ಪು ಉದುರಿಸಿದ ಪದ್ರೋನ್ ಮೆಣಸಿನಕಾಯಿ. ಹತ್ತರಲ್ಲಿ ಒಂದು ಖಾರ, ಅದು ಯಾರ ಪಾಲಿಗೆ ಅನ್ನೋದೇ ಆಟ. ಕರಿದ ಆಲೂಗಡ್ಡೆಗೆ ಖಾರದ ಸಾಸ್ ಹಾಕಿದ ಪಾತಾತಾಸ್ ಬ್ರಾವಾಸ್ ನನಗೇನೂ ದೊಡ್ಡದು ಅನ್ನಿಸಲಿಲ್ಲ.

ಎಲ್ಲಾ ಒಂದೇ ಸಲ ಹೇಳಬೇಡಿ. ಎರಡೆರಡು ತರಿಸಿ, ಹಂಚಿಕೊಂಡು ತಿಂದು ಮತ್ತೆ ಹೇಳಿ. ತಪಾ ಚಿಕ್ಕದು, ರಾಸಿಯೋನ್ ಅಂದರೆ ಮನೆಮಂದಿಗೆಲ್ಲ ಆಗುವ ತಟ್ಟೆ, ಎರಡರ ನಡುವಿನ ಅಳತೆಗೆ 'ಮೀಡಿಯಾ' ಅನ್ನುತ್ತಾರೆ. ಗ್ರನಾಡಾದಲ್ಲಿ ಬಿಯರ್ ಜೊತೆ ತಪಾ ಪುಕ್ಕಟೆ ಬರುತ್ತದೆ, ನೆರ್ಹಾದಲ್ಲಿ ಎಲ್ಲ ಕಡೆ ಹಾಗಿಲ್ಲ. ಕೇಳದೆ ಬಂದ ಬ್ರೆಡ್‌ಗೂ ಸಾಮಾನ್ಯವಾಗಿ ದುಡ್ಡು ಹಾಕುತ್ತಾರೆ.

ಬಿಲ್ ಮಾತ್ರ ತಾನಾಗಿ ಬರುವುದಿಲ್ಲ. ನಮ್ಮನ್ನು ಮರೆತೇಬಿಟ್ಟರು ಅಂತ ಅರ್ಧ ಗಂಟೆ ಸುಮ್ನೆ ಕೂತಿದ್ದೆವು. 'ಲಾ ಕ್ವೆಂತಾ' ಅಂದಮೇಲೇ ತಂದರು.